ಸಂಬಳದಲ್ಲಿ ಪಿಎಫ್ ಕಡಿತ, ಪಾಸ್‌ಬುಕ್‌ನಲ್ಲಿ ಖಾಲಿ: ಲೆಕ್ಕ ಹಿಡಿದು ದೂರು ಕೊಡುವುದು ಹೇಗೆ?

ಸಂಬಳದ ಚೀಟಿಯಲ್ಲಿ ಪಿಎಫ್ ಎಂಬ ಸಾಲಿನ ಮುಂದೆ ಪ್ರತಿ ತಿಂಗಳೂ ಒಂದು ಮೊತ್ತ ಕಡಿತವಾಗಿರುತ್ತದೆ. ಆ ಹಣ ನೌಕರರ ಭವಿಷ್ಯ ನಿಧಿ ಸಂಘಟನೆಗೆ, ಅಂದರೆ ಇಪಿಎಫ್‌ಒಗೆ, ನಿಜವಾಗಿಯೂ ಜಮೆಯಾಗಿದೆಯೇ ಎಂದು ನೋಡುವವರು ಕಡಿಮೆ. ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ಮುಂಗಡ ಪಡೆಯಲು ಅರ್ಜಿ ಹಾಕಿದಾಗ ಮಾತ್ರ, ಎರಡು ವರ್ಷಗಳಿಂದ ಕಂಪನಿ ಹಣವನ್ನೇ ಕಟ್ಟಿಲ್ಲ ಎಂಬುದು ಬೆಳಕಿಗೆ ಬರುತ್ತದೆ. ಒಂದು ತಿಂಗಳ ಸಂಬಳದ ವಂತಿಗೆಯನ್ನು ಮಾಲೀಕರು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು ಎಂಬುದು ನಿಯಮ. ಹಾಗಾಗಿ ಪ್ರತಿ ತಿಂಗಳ ಕೊನೆಯ ವಾರದಲ್ಲಿ ಒಮ್ಮೆ ಖಾತೆಯನ್ನು ನೋಡುವ ಅಭ್ಯಾಸವಿದ್ದರೆ, ತೊಂದರೆ ಒಂದು ತಿಂಗಳಿನಷ್ಟು ಇರುವಾಗಲೇ ಸಿಕ್ಕಿಬೀಳುತ್ತದೆ.

ನೋಡುವ ದಾರಿ ಸುಲಭವಾಗಿದೆ. ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ, ಸಕ್ರಿಯವಾಗಿದ್ದು, ಆಧಾರ್ ಮತ್ತು ಬ್ಯಾಂಕ್ ಖಾತೆ ಅದಕ್ಕೆ ಜೋಡಣೆಯಾಗಿದ್ದರೆ, ನೋಂದಾಯಿತ ಮೊಬೈಲ್‌ನಿಂದ 9966044425 ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಕೊನೆಯ ವಂತಿಗೆ ಮತ್ತು ಒಟ್ಟು ಶಿಲ್ಕು ಸಂದೇಶವಾಗಿ ಬರುತ್ತದೆ. ಆದರೆ ಗೊಂದಲ ಇರುವವರಿಗೆ ಈ ಸಂದೇಶ ಸಾಲದು. ಉಮಂಗ್ ಆ್ಯಪ್‌ನಲ್ಲೋ ಇಪಿಎಫ್‌ಒದ ಸದಸ್ಯರ ಜಾಲತಾಣದಲ್ಲೋ ಪೂರ್ತಿ ಪಾಸ್‌ಬುಕ್ ಇಳಿಸಿಕೊಂಡು, ಅದನ್ನು ಸಂಬಳದ ಚೀಟಿಗಳ ಪಕ್ಕದಲ್ಲಿಟ್ಟು ಓದಬೇಕು.

ಓದುವಾಗಲೇ ಬಹಳ ಜನ ಎಡವುತ್ತಾರೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,000 ರೂಪಾಯಿ ಪಡೆಯುವ ಪೀಣ್ಯದ ಒಬ್ಬ ಲೇತ್ ಕಾರ್ಮಿಕನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವನಿಂದ ಶೇ 12ರಂತೆ 1,680 ರೂಪಾಯಿ ಕಡಿತವಾಗುತ್ತದೆ. ಮಾಲೀಕನೂ ಅಷ್ಟೇ ಕಟ್ಟಬೇಕು. ಆದರೆ ಪಾಸ್‌ಬುಕ್‌ನಲ್ಲಿ ಮಾಲೀಕನ ಪಾಲಿನ ಅಂಕಣದಲ್ಲಿ 514 ರೂಪಾಯಿ ಮಾತ್ರ ಕಾಣುತ್ತದೆ. ಉಳಿದ 1,166 ರೂಪಾಯಿ ಪಿಂಚಣಿ ಅಂಕಣದಲ್ಲಿರುತ್ತದೆ, ಏಕೆಂದರೆ ಮಾಲೀಕನ ಶೇ 12ರಲ್ಲಿ ಶೇ 8.33 ಪಿಂಚಣಿ ಯೋಜನೆಗೆ ಹೋಗುತ್ತದೆ. ಇದನ್ನು ತಿಳಿಯದೆ ‘ನಮ್ಮ ಕಂಪನಿ ಅರ್ಧಕ್ಕಿಂತ ಕಡಿಮೆ ಕಟ್ಟುತ್ತಿದೆ’ ಎಂದು ಎಚ್‌ಆರ್ ಜೊತೆ ಜಗಳಕ್ಕಿಳಿಯುವವರಿದ್ದಾರೆ. ಪಿಂಚಣಿಯ ಪಾಲಿಗೆ 15,000 ರೂಪಾಯಿ ವೇತನದ ಮಿತಿ ಇರುವುದರಿಂದ, ವೇತನ ಎಷ್ಟೇ ಇದ್ದರೂ ಆ ಅಂಕಣ ಸಾಮಾನ್ಯವಾಗಿ 1,250 ರೂಪಾಯಿ ದಾಟುವುದಿಲ್ಲ. ಆ ಅಂಕಣಕ್ಕೆ ಬಡ್ಡಿಯೂ ಸೇರುವುದಿಲ್ಲ. ಇನ್ನೊಂದು ಸೂಕ್ಷ್ಮವೆಂದರೆ, ಏಪ್ರಿಲ್ ತಿಂಗಳ ಸಂಬಳದ ವಂತಿಗೆಯ ವಿವರದಲ್ಲಿ ಪಾವತಿಯ ತಿಂಗಳು ಮೇ ಎಂದು ನಮೂದಾಗಿರುತ್ತದೆ. ಅದನ್ನು ಕಂಡು ಏಪ್ರಿಲ್ ತಪ್ಪಿಹೋಗಿದೆ ಎಂದು ಬರೆದುಕೊಳ್ಳಬಾರದು. ಸ್ವಂತ ಪಿಎಫ್ ಟ್ರಸ್ಟ್ ಇರುವ ದೊಡ್ಡ ಕಂಪನಿಗಳ ನೌಕರರಿಗಂತೂ ಇಪಿಎಫ್‌ಒ ಪಾಸ್‌ಬುಕ್‌ನಲ್ಲಿ ಭವಿಷ್ಯ ನಿಧಿಯ ಮೊತ್ತ ಕಾಣುವುದಿಲ್ಲ. ಅವರು ಟ್ರಸ್ಟ್‌ನಿಂದಲೇ ಲೆಕ್ಕ ಕೇಳಬೇಕು.

ಇಷ್ಟು ನೋಡಿದ ಮೇಲೂ ವ್ಯತ್ಯಾಸ ಉಳಿದರೆ, ಅದು ಯಾವ ಬಗೆಯದು ಎಂದು ಗುರುತಿಸಿಕೊಳ್ಳಿ. ಕೆಲವು ತಿಂಗಳ ಸಾಲುಗಳೇ ಇಲ್ಲದಿರಬಹುದು. ಸಾಲು ಇದ್ದೂ, ಚೀಟಿಯಲ್ಲಿ 14,000 ಇರುವ ವೇತನವನ್ನು ಪಾಸ್‌ಬುಕ್‌ನಲ್ಲಿ 9,000 ಎಂದು ತೋರಿಸಿರಬಹುದು. ಹೊಸ ಕಂಪನಿ ಹಳೆಯ ಯುಎಎನ್ ಕೇಳದೆ ಎರಡನೆಯದನ್ನು ತೆರೆದು ಹಣವನ್ನು ಅಲ್ಲಿಗೆ ಕಟ್ಟಿರಬಹುದು. ಈ ಕೊನೆಯ ಸಂದರ್ಭದಲ್ಲಿ ಹಣ ಎಲ್ಲೂ ಹೋಗಿಲ್ಲ, ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಂಡರೆ ಮುಗಿಯುತ್ತದೆ. ಮಾಲೀಕನು ತನ್ನ ಪಾಲನ್ನೂ ನೌಕರನ ಕೈಗೆ ಬರಬೇಕಾದ ವೇತನದಿಂದ ಮುರಿದುಕೊಂಡಿದ್ದರೆ ಅದೂ ನೇರ ಉಲ್ಲಂಘನೆ. ಮರೆತ ತಿಂಗಳುಗಳ ನೌಕರರ ಪಾಲನ್ನು ಆಮೇಲೆ ಒಟ್ಟಿಗೆ ಸಂಬಳದಲ್ಲಿ ಕಡಿತ ಮಾಡುವುದಕ್ಕೂ ಯೋಜನೆಯ ನಿಯಮಗಳು ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ.

ಮುಂದಿನ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಉಪಯುಕ್ತ. ಇಪಿಎಫ್‌ಒ ಜಾಲತಾಣದಲ್ಲಿ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’ ಎಂಬ ಸೌಲಭ್ಯವಿದೆ. ಅಲ್ಲಿ ಕಂಪನಿಯ ಹೆಸರು ಅಥವಾ ಪಿಎಫ್ ಕೋಡ್ ಹಾಕಿದರೆ, ಆ ಸಂಸ್ಥೆ ಯಾವ ತಿಂಗಳಿಗೆ, ಯಾವ ದಿನ, ಎಷ್ಟು ನೌಕರರಿಗಾಗಿ, ಎಷ್ಟು ಹಣ ಕಟ್ಟಿದೆ ಎಂಬ ಪಟ್ಟಿ ಸಿಗುತ್ತದೆ. ನಿಮ್ಮ ಪಾಸ್‌ಬುಕ್‌ನಲ್ಲಿ ಖಾಲಿ ಇರುವ ತಿಂಗಳಲ್ಲಿ ಕಂಪನಿ ನಲವತ್ತು ಜನರಿಗೆ ಕಟ್ಟಿದ್ದರೆ, ಬಿಟ್ಟುಹೋಗಿರುವುದು ನೀವು. ಅದು ಹೆಸರಿನ ದೋಷವೋ ಆಧಾರ್ ಹೊಂದಾಣಿಕೆಯ ತೊಡಕೋ ಆಗಿರುವ ಸಾಧ್ಯತೆ ಹೆಚ್ಚು. ಆ ತಿಂಗಳಲ್ಲಿ ಪಾವತಿಯೇ ಇಲ್ಲದಿದ್ದರೆ ಇಡೀ ಕಾರ್ಖಾನೆಯ ಹಣ ನಿಂತಿದೆ ಎಂದರ್ಥ, ಆಗ ಒಂಟಿಯಾಗಿ ಓಡಾಡುವುದಕ್ಕಿಂತ ಸಹೋದ್ಯೋಗಿಗಳೊಂದಿಗೆ ಸೇರಿ ದೂರು ಕೊಡುವುದು ಲೇಸು. ಕೆಲಸ ಹೋದೀತೆಂಬ ಅಂಜಿಕೆ ಇರುವಲ್ಲಿ ಕಾರ್ಮಿಕ ಸಂಘದ ಮೂಲಕ ಅರ್ಜಿ ಸಲ್ಲಿಸಬಹುದು.

ಈಗ ಒಂದು ಹಾಳೆ ತೆಗೆದುಕೊಂಡು ನಾಲ್ಕು ಅಂಕಣ ಎಳೆಯಿರಿ: ತಿಂಗಳು, ಚೀಟಿಯಲ್ಲಿರುವ ವೇತನ, ಕಡಿತವಾದ ಮೊತ್ತ, ಪಾಸ್‌ಬುಕ್‌ನಲ್ಲಿ ಜಮೆಯಾದ ಮೊತ್ತ. ‘ಮೂರು ವರ್ಷಗಳಿಂದ ಪಿಎಫ್ ಕಟ್ಟಿಲ್ಲ, ದಯವಿಟ್ಟು ನ್ಯಾಯ ಕೊಡಿಸಿ’ ಎಂಬ ದೂರಿಗೆ ಅಧಿಕಾರಿಯು ವಿವರ ಕೇಳಿ ಉತ್ತರ ಬರೆಯುತ್ತಾರೆ, ಅಲ್ಲಿಗೆ ಒಂದು ತಿಂಗಳು ಕಳೆಯುತ್ತದೆ. ‘2023ರ ಜೂನ್‌ನಿಂದ 2024ರ ಮಾರ್ಚ್‌ವರೆಗಿನ ಹತ್ತು ತಿಂಗಳ ಕಡಿತ ಒಟ್ಟು 16,800 ರೂಪಾಯಿ, ಜಮೆ ಸೊನ್ನೆ’ ಎಂಬ ಹಾಳೆಗೆ ಅಂಥ ಉತ್ತರ ಬರೆಯುವುದು ಕಷ್ಟ. ಸಂಬಳದ ಚೀಟಿ ಕೊಡದ ಕಡೆ ಬ್ಯಾಂಕ್ ಪಾಸ್‌ಬುಕ್, ನೇಮಕಾತಿ ಪತ್ರ, ಹಾಜರಿ ಕಾರ್ಡ್, ಇಎಸ್‌ಐ ಕಾರ್ಡ್ ಇವುಗಳಲ್ಲಿ ಸಿಕ್ಕಿದ್ದನ್ನೆಲ್ಲ ಜೋಡಿಸಿಟ್ಟುಕೊಳ್ಳಿ.

ಈ ಹಾಳೆಯನ್ನು ಮೊದಲು ಕಂಪನಿಗೇ ಇಮೇಲ್‌ನಲ್ಲಿ ಕಳಿಸಿ, ಹದಿನೈದು ದಿನಗಳಲ್ಲಿ ಉತ್ತರ ಕೋರಿ. ಬಾಯಿಮಾತಿನ ಭರವಸೆಗೆ ದಿನಾಂಕವಿರುವುದಿಲ್ಲ. ಉತ್ತರ ಬಾರದಿದ್ದರೆ ಇಪಿಎಫ್‌ಒದ ದೂರು ಜಾಲತಾಣ ‘ಇಪಿಎಫ್‌ಐಜಿಎಂಎಸ್’ನಲ್ಲಿ ಪಿಎಫ್ ಸದಸ್ಯ ಎಂಬ ಆಯ್ಕೆ ಒತ್ತಿ, ಯುಎಎನ್ ಹಾಕಿ, ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟು, ಹಾಳೆ ಮತ್ತು ಚೀಟಿಗಳನ್ನು ಲಗತ್ತಿಸಿ ದೂರು ದಾಖಲಿಸಿ. ಬರುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ದೂರು ಹೋಗುವುದು ನೀವಿರುವ ಊರಿನ ಕಚೇರಿಗಲ್ಲ, ಕಂಪನಿಯ ಕೋಡ್ ಇರುವ ಕಚೇರಿಗೆ. ಪಾಸ್‌ಬುಕ್‌ನಲ್ಲಿರುವ ಸದಸ್ಯ ಸಂಖ್ಯೆಯ ಆರಂಭದ ಅಕ್ಷರಗಳು ಅದನ್ನು ತಿಳಿಸುತ್ತವೆ. ‘ಬಿಜಿಬಿಎನ್‌ಜಿ’ ಎಂದಿದ್ದರೆ ಬೆಂಗಳೂರು. ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಮಾರಾಟ ಪ್ರತಿನಿಧಿಯ ಕಡತ ಮುಂಬೈಯಲ್ಲಿರುವುದು ಅಪರೂಪವೇನಲ್ಲ. ಮುಖಾಮುಖಿ ಮಾತನಾಡಬೇಕೆನ್ನುವವರಿಗೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರ ಇದೆ.

‘ಮಾಲೀಕರಿಗೆ ಪತ್ರ ಬರೆಯಲಾಗಿದೆ’ ಎಂಬ ಒಂದು ಸಾಲಿನೊಂದಿಗೆ ದೂರು ಮುಕ್ತಾಯವಾದರೆ ಅಲ್ಲಿಗೇ ಬಿಡಬೇಡಿ. ಪ್ರಾದೇಶಿಕ ಭವಿಷ್ಯ ನಿಧಿ ಆಯುಕ್ತರಿಗೆ ಲಿಖಿತ ಅರ್ಜಿ ಕೊಟ್ಟು, ಬಾಕಿ ನಿಗದಿಪಡಿಸುವ ವಿಚಾರಣೆ (1952ರ ಭವಿಷ್ಯ ನಿಧಿ ಕಾಯ್ದೆಯಲ್ಲಿ 7ಎ ಕಲಮಿನದು) ನಡೆಸುವಂತೆ ಹೆಸರಿಟ್ಟು ಕೇಳಿ. ಆ ವಿಚಾರಣೆಯಲ್ಲಿ ಆಯುಕ್ತರಿಗೆ ಮಾಲೀಕರನ್ನು ಕರೆಸುವ, ವೇತನದ ರಿಜಿಸ್ಟರ್ ತರಿಸುವ ಅಧಿಕಾರವಿದೆ, ಬಾಕಿಯನ್ನು ನಿಗದಿಪಡಿಸಿದ ಮೇಲೆ ಕಂಪನಿಯ ಬ್ಯಾಂಕ್ ಖಾತೆಯನ್ನೇ ಜಪ್ತಿ ಮಾಡಿ ವಸೂಲಿ ಮಾಡಬಹುದು. ತಡವಾದ ಪಾವತಿಗೆ ಮಾಲೀಕರು ವಾರ್ಷಿಕ ಶೇ 12 ಬಡ್ಡಿಯನ್ನೂ ಅದರ ಮೇಲೆ ದಂಡವನ್ನೂ ತೆರಬೇಕಾಗುತ್ತದೆ. ಅರ್ಜಿಯ ಮೇಲೆ ಏನಾಯಿತೆಂದು ತಿಳಿಯದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ವಿಚಾರಣೆ ಯಾವ ದಿನಾಂಕದಂದು ಆರಂಭವಾಯಿತು ಎಂಬ ಒಂದೇ ಪ್ರಶ್ನೆ ಕೇಳಿ. ಕಡತ ಅಲುಗಾಡಿಸಲು ಇದಕ್ಕಿಂತ ಅಗ್ಗದ ಉಪಾಯ ನನಗೆ ತಿಳಿದಿಲ್ಲ. ವರ್ಷಗಟ್ಟಲೆ ಕಾಯುವುದೂ ಸಲ್ಲದು, ಏಕೆಂದರೆ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಇಂಥ ವಿಚಾರಣೆ ಆರಂಭಿಸುವುದಕ್ಕೆ ಐದು ವರ್ಷಗಳ ಗಡುವು ಹಾಕಿದೆ.

ಸಂಬಳದಿಂದ ಕಡಿತ ಮಾಡಿ ಕಟ್ಟದೆ ಇಟ್ಟುಕೊಳ್ಳುವುದು ಬರೀ ಬಾಕಿಯಲ್ಲ, ಅಪರಾಧವೂ ಹೌದು. ಹಾಗೆ ಕಡಿತ ಮಾಡಿದ ಹಣವನ್ನು ಮಾಲೀಕರಿಗೆ ನಂಬಿ ಒಪ್ಪಿಸಿದ ಹಣವೆಂದೇ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ವಿವರಣೆ ಪರಿಗಣಿಸುತ್ತದೆ. ಗುತ್ತಿಗೆದಾರರ ಕೈಕೆಳಗಿನ ಭದ್ರತಾ ಸಿಬ್ಬಂದಿ, ಸ್ವಚ್ಛತಾ ಕೆಲಸಗಾರರ ವಿಷಯದಲ್ಲಿ, ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯೇ, ಹೊಣೆ. ಆದ್ದರಿಂದ ದೂರಿನಲ್ಲಿ ಇಬ್ಬರ ಹೆಸರೂ ಇರಲಿ. ಕಂಪನಿ ದಿವಾಳಿಯಾಗಿ ಆಸ್ತಿ ಮಾರಾಟಕ್ಕೆ ಬಂದಿದ್ದರೆ, ಭವಿಷ್ಯ ನಿಧಿಯಿಂದ ನೌಕರರಿಗೆ ಬರಬೇಕಾದ ಹಣವನ್ನು ದಿವಾಳಿತನ ಸಂಹಿತೆಯು ಸಾಲ ಕೊಟ್ಟವರ ಪಾಲಿಗೆ ಸೇರದಂತೆ ಹೊರಗಿಟ್ಟಿದೆ. ಆಸ್ತಿ ಮಾರಿ ಹಣ ಹಂಚುವ ಸಮಾಪನಾಧಿಕಾರಿಗೆ ತಡಮಾಡದೆ ಹಕ್ಕುಸಾಧನೆಯ ಪತ್ರ ಸಲ್ಲಿಸಬೇಕು.

ವಸೂಲಿಯಾದ ಮೇಲೂ ಪಾಸ್‌ಬುಕ್ ಅನ್ನು ಮತ್ತೊಮ್ಮೆ ಇಳಿಸಿಕೊಂಡು ಆ ಹಾಳೆಯೊಂದಿಗೆ ಹೋಲಿಸಿ. ಭವಿಷ್ಯ ನಿಧಿಯ ಅಂಕಣ ತುಂಬಿ ಪಿಂಚಣಿಯ ಅಂಕಣ ಖಾಲಿಯೇ ಉಳಿದಿರುವುದುಂಟು. ಮಾಸಿಕ ಪಿಂಚಣಿಗೆ ಕನಿಷ್ಠ 10 ವರ್ಷಗಳ ಸೇವೆ ಬೇಕಾಗಿರುವುದರಿಂದ, ಬಾಕಿ ಇದ್ದ ತಿಂಗಳುಗಳು ಸೇವೆಯ ಲೆಕ್ಕಕ್ಕೆ ಸೇರಿವೆಯೇ ಎಂದು ನೋಡಿ, ಸೇರಿರದಿದ್ದರೆ ಅದೇ ನೋಂದಣಿ ಸಂಖ್ಯೆಯನ್ನು ಉಲ್ಲೇಖಿಸಿ ಮತ್ತೊಂದು ದೂರು ದಾಖಲಿಸಿ.