ಗ್ರಾಫಿಕ್ಸ್ ಕಾರ್ಡಿನ ಗದ್ದಲ ಇಳಿಸಿದ್ದು: ಎರಡು ದೊಡ್ಡ ಫ್ಯಾನ್, ಒಂದು ಹಳೆ ಸೈಕಲ್ ಟ್ಯೂಬ್

ನನ್ನದು ಮನೆಯಿಂದಲೇ ಮಾಡುವ ಕೆಲಸ. ಇಂಟೀರಿಯರ್‌ನವರು ಕೊಡುವ ನಕ್ಷೆ ನೋಡಿಕೊಂಡು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಅಡುಗೆಮನೆ, ಹಾಲ್, ಬೆಡ್‌ರೂಮ್ ಕಟ್ಟಿ ವಾಕ್‌ಥ್ರೂ ವಿಡಿಯೊ ಮಾಡಿಕೊಡುತ್ತೇನೆ. ಹಗಲೆಲ್ಲ ಸೀನ್ ಜೋಡಿಸುವುದು, ರಾತ್ರಿ ರೆಂಡರ್‌ಗೆ (ಕಟ್ಟಿದ ಸೀನನ್ನು ಕಂಪ್ಯೂಟರ್ ಚಿತ್ರಗಳಾಗಿ ಮೂಡಿಸುವ ಕೆಲಸ) ಹಾಕಿ ಮಲಗುವುದು. ಬೆಂಗಳೂರಿನಲ್ಲಿ ನಮ್ಮದು ಒಂದೇ ಬೆಡ್‌ರೂಮಿನ ಮನೆ. ಕಂಪ್ಯೂಟರ್ ಇರುವುದು ಹಾಲಿನಲ್ಲಿ, ಅಮ್ಮ ಮಲಗುವುದೂ ಹಾಲಿನಲ್ಲೇ. ರೆಂಡರ್ ಶುರುವಾದ ಮೂರ್ನಾಲ್ಕು ನಿಮಿಷಕ್ಕೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಕೂಗಲು ಹಿಡಿಯುತ್ತಿತ್ತು. ಅಮ್ಮ ಒಂದು ದಿನವೂ ಬೈಯಲಿಲ್ಲ. ಒಂದು ಬೆಳಿಗ್ಗೆ ಮಾತ್ರ ಕಾಫಿ ಕೊಡುತ್ತಾ, "ಒಂದೇ ಸಮ ಕೂಗಿದರೆ ಹೇಗೋ ನಿದ್ದೆ ಬರುತ್ತೆ ಕಣೋ. ಅದು ಜೋರಾಗುತ್ತೆ, ಕಮ್ಮಿ ಆಗುತ್ತೆ, ಮತ್ತೆ ಜೋರಾಗುತ್ತೆ. ಆಗಲೇ ಎಚ್ಚರ ಆಗಿಬಿಡೋದು" ಅಂದರು.

ಆಮೇಲೆ ನಾನು ಮಾಡಿದ ಎಲ್ಲ ಕೆಲಸಕ್ಕೂ ಆ ಮಾತೇ ಬುನಾದಿ. ಶಬ್ದ ಎಷ್ಟು ಜೋರು ಅನ್ನುವುದು ಒಂದು ವಿಷಯ. ಅದು ಏರಿಳಿಯುತ್ತದೆಯೇ ಅನ್ನುವುದು ಇನ್ನೊಂದು. ಕಿವಿಗೆ ಎರಡನೆಯದೇ ಜಾಸ್ತಿ ಕಾಟ.

ಕಾರ್ಡ್ ಜಿಟಿಎಕ್ಸ್ 1070. 2016ರಲ್ಲಿ ಬಂದ ಚಿಪ್, 150 ವ್ಯಾಟ್ ಕುಡಿಯುತ್ತದೆ, 8 ಜಿಬಿ ಮೆಮೊರಿ. ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಹಾಗಾಗಿ ವಾರಂಟಿಯ ಯೋಚನೆ ಇರಲಿಲ್ಲ. ನಿಮ್ಮ ಕಾರ್ಡಿಗೆ ವಾರಂಟಿ ಇನ್ನೂ ಇದ್ದರೆ ಸ್ಕ್ರೂ ಮುಟ್ಟುವ ಮುಂಚೆ ಅದರ ಷರತ್ತು ಓದಿಕೊಳ್ಳಿ.

ಮೊದಲು ಶಬ್ದ ಎಲ್ಲಿಂದ ಬರುತ್ತಿದೆ ಅಂತ ಖಾತ್ರಿ ಮಾಡಿಕೊಂಡೆ. ದಿನಪತ್ರಿಕೆಯ ಎರಡು ಹಾಳೆ ಸುರುಳಿ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕ್ಯಾಬಿನೆಟ್ ಒಳಗೆ. ಡಾಕ್ಟರ ಸ್ಟೆತಸ್ಕೋಪಿನ ಹಾಗೆ ಒಂದೊಂದೇ ಫ್ಯಾನಿನ ಹತ್ತಿರ ಹಿಡಿದೆ. ಪವರ್ ಸಪ್ಲೈ ಸುಮ್ಮನಿತ್ತು. ಪ್ರೊಸೆಸರ್ ಫ್ಯಾನ್ ಮೆತ್ತಗಿತ್ತು. ಕಾರ್ಡಿನ ಎರಡು ಫ್ಯಾನಿನಲ್ಲಿ ಒಂದು ಗುಂಯ್‌ಗುಟ್ಟುತ್ತಿತ್ತು, ಇನ್ನೊಂದರ ಬೇರಿಂಗ್ ಸವೆದು ಅದರ ಜೊತೆಗೆ ಕರಕರ ಅನ್ನುತ್ತಿತ್ತು.

ಎರಡನೆಯ ಪರೀಕ್ಷೆ ಚಿಪ್ಪಿನ ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ಪದರಗಳದು, ಅಂದರೆ ಹೀಟ್‌ಸಿಂಕಿನದು. ಆಫ್ಟರ್‌ಬರ್ನರ್‌ನಲ್ಲಿ (ಕಾರ್ಡಿನ ಫ್ಯಾನ್, ವೋಲ್ಟೇಜ್ ಹೊಂದಿಸುವ ಸಾಫ್ಟ್‌ವೇರ್) ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟು ರೆಂಡರ್ ಓಡಿಸಿದೆ. ಚಿಪ್ 66 ಡಿಗ್ರಿಗೆ ನಿಂತಿತು. ಅಂದರೆ ಗಾಳಿ ಸಿಕ್ಕರೆ ಈ ಹೀಟ್‌ಸಿಂಕ್ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಕೊರತೆ ಇರುವುದು ಫ್ಯಾನಿನಲ್ಲಿ. ದುಡ್ಡು ಎಲ್ಲಿ ಹಾಕಬೇಕು ಅನ್ನುವುದನ್ನು ಈ ಒಂದು ಪರೀಕ್ಷೆ ತೀರ್ಮಾನಿಸಿತು. ಕೂಲರ್ ಹುಡುಕುವ ಮುಂಚೆ ದಯವಿಟ್ಟು ಇದನ್ನು ಮಾಡಿ ನೋಡಿ.

ಆರ್ಕ್ಟಿಕ್‌ನ ಆಕ್ಸೆಲೆರೊ ಎಕ್ಸ್‌ಟ್ರೀಮ್ ಥರದ ಪೂರ್ತಿ ಕೂಲರ್ ಬಗ್ಗೆ ತುಂಬಾ ಯೋಚಿಸಿದ್ದೆ. 92 ಮಿ.ಮೀ.ನ ಮೂರು ಫ್ಯಾನ್ ಇರುವ ಉದ್ದನೆಯ ಕೂಲರ್ ಅದು, ಹೆಸರು ಮಾಡಿದ ಮಾಲು. ಕ್ರಾಕನ್ ಜಿ12 ಬ್ರಾಕೆಟ್ ಹಾಕಿ ದ್ರವ ಹರಿಸಿ ತಣಿಸುವ ಲಿಕ್ವಿಡ್ ಕೂಲರ್ ಕೂರಿಸುವ ದಾರಿಯೂ ಇತ್ತು. ಆದರೆ ಅದಕ್ಕೆ ಪಂಪ್ ಬರುತ್ತದೆ, ಪಂಪಿಗೂ ಒಂದು ಸದ್ದು ಇರುತ್ತದೆ. ಇರುವ ಹೀಟ್‌ಸಿಂಕೇ ಗಟ್ಟಿಯಾಗಿರುವಾಗ ಎರಡೂ ಬೇಡ ಅನ್ನಿಸಿತು. ಕಾರ್ಡಿನ ಪ್ಲಾಸ್ಟಿಕ್ ಮುಚ್ಚಳ ಮತ್ತು ಸಣ್ಣ ಫ್ಯಾನ್ ತೆಗೆದು, ಕ್ಯಾಬಿನೆಟ್‌ಗೆ ಹಾಕುವ 120 ಮಿ.ಮೀ.ನ ಎರಡು ಫ್ಯಾನ್ ಕಟ್ಟುವುದು ಅಂತ ನಿರ್ಧರಿಸಿದೆ.

ದೊಡ್ಡ ಫ್ಯಾನ್ ಯಾಕೆ ಅಂದರೆ, 85 ಮಿ.ಮೀ. ಫ್ಯಾನಿಗಿಂತ 120 ಮಿ.ಮೀ. ಫ್ಯಾನಿನ ವಿಸ್ತೀರ್ಣ ಹೆಚ್ಚುಕಮ್ಮಿ ಎರಡರಷ್ಟು. ಅಷ್ಟೇ ಗಾಳಿಯನ್ನು ಅದು ನಿಧಾನವಾಗಿ ತಿರುಗಿಯೂ ತಳ್ಳುತ್ತದೆ. ನಿಧಾನ ಅನ್ನುವುದರಲ್ಲೇ ಎಲ್ಲ ಇದೆ. ಒಂದೇ ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಗಾಳಿ ಅರ್ಧ ಆಗುತ್ತದೆ, ಶಬ್ದ ಮಾತ್ರ ಸುಮಾರು 15 ಡೆಸಿಬಲ್ ಬಿದ್ದುಹೋಗುತ್ತದೆ. ಸ್ವರವೂ ತಗ್ಗುತ್ತದೆ. ಕೀಚಲು ಹೋಗಿ ಗಾಳಿ ಬೀಸಿದ ಹಾಗೆ ಕೇಳುತ್ತದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಒಂದು ಶನಿವಾರ ಹೋದೆ. ಹೀಟ್‌ಸಿಂಕ್ ಪದರಗಳ ನಡುವೆ ಗಾಳಿ ನುಗ್ಗಬೇಕಾದ್ದರಿಂದ ಒತ್ತಡ ಹೆಚ್ಚು ಕೊಡುವ ಪ್ರೆಷರ್ ಫ್ಯಾನ್ ಕೇಳಿ ತಂದೆ. ಬಣ್ಣದ ದೀಪದ ಫ್ಯಾನ್ ಬೇಡ ಅಂತ ಅಂಗಡಿಯವರಿಗೆ ಎರಡು ಸಲ ಹೇಳಬೇಕಾಯಿತು. ಜೊತೆಗೆ ಚಿಪ್ಪುಗಳ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಮತ್ತು ಥರ್ಮಲ್ ಪ್ಯಾಡ್, ಕೇಬಲ್ ಟೈ. ಕಾರ್ಡಿನ ಪುಟಾಣಿ ನಾಲ್ಕು ಪಿನ್ ಕನೆಕ್ಟರಿನಿಂದ ಮಾಮೂಲಿ ನಾಲ್ಕು ಪಿನ್ ಫ್ಯಾನಿಗೆ ಬದಲಾಯಿಸುವ ಕೇಬಲ್ ಅಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ.

ಬರೀ ಫ್ಯಾನ್ ಬದಲಿಸುವುದಾದರೆ ಹೀಟ್‌ಸಿಂಕ್ ಬಿಚ್ಚಬೇಕಾಗಿಲ್ಲ. ನನ್ನ ಕಾರ್ಡಿನಲ್ಲಿ ಮುಚ್ಚಳದ ಸ್ಕ್ರೂ ಬೇರೆಯೇ ಇದ್ದವು. ಆದರೆ ಇಷ್ಟು ಹಳೆಯ ಕಾರ್ಡು, ಪೇಸ್ಟ್ ಹೇಗಿದೆಯೋ ನೋಡೋಣ ಅಂತ ಚಿಪ್ಪಿನ ಸುತ್ತ ಇರುವ ನಾಲ್ಕು ಸ್ಪ್ರಿಂಗ್ ಸ್ಕ್ರೂ ಬಿಚ್ಚಿದೆ. ಪೇಸ್ಟ್ ಹಣೆಯ ಮೇಲೆ ಒಣಗಿದ ವಿಭೂತಿಯ ಹಾಗೆ ಪುಡಿಪುಡಿ. ಬಿಚ್ಚಿದ್ದು ಒಳ್ಳೆಯದೇ ಆಯಿತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಹೊಸ ಪೇಸ್ಟ್ ಹಚ್ಚಿದೆ. ಮೆಮೊರಿ ಚಿಪ್ಪುಗಳ ಮೇಲಿನ ಹಳೆಯ ಪ್ಯಾಡ್ ಹರಿದುಹೋಗಿದ್ದರಿಂದ ಹೊಸ 2 ಮಿ.ಮೀ. ಪ್ಯಾಡ್ ಕತ್ತರಿಸಿ ಇಟ್ಟೆ.

ಅಲ್ಲೇ ತಪ್ಪಾಗಿದ್ದು. ಎಲ್ಲ ಜೋಡಿಸಿ ರೆಂಡರ್ ಕೊಟ್ಟೆ. ಒಂದು ನಿಮಿಷವೂ ಆಗಿಲ್ಲ, 90 ಡಿಗ್ರಿ. ಈ ಚಿಪ್ಪಿನ ಮಿತಿ 94. ಕೈ ನಡುಗುತ್ತಲೇ ಆಫ್ ಮಾಡಿದೆ. ಮತ್ತೆ ಬಿಚ್ಚಿ ಪೇಸ್ಟಿನ ಗುರುತು ನೋಡಿದರೆ ಕಾರಣ ಕಣ್ಣಿಗೇ ಕಂಡಿತು. ಹೀಟ್‌ಸಿಂಕಿನ ತಳದಲ್ಲಿ ಚಿಪ್ಪಿನ ಒಂದು ಮೂಲೆ ಮಾತ್ರ ಒತ್ತಿದ ಗುರುತು, ಉಳಿದ ಕಡೆ ಪೇಸ್ಟ್ ಹಚ್ಚಿದ್ದು ಹಚ್ಚಿದ ಹಾಗೇ ಇದೆ. ಪ್ಯಾಡ್ ದಪ್ಪವೂ ಜಾಸ್ತಿ, ಗಟ್ಟಿಯೂ ಜಾಸ್ತಿ. ಅದು ಹೀಟ್‌ಸಿಂಕನ್ನು ಎತ್ತಿ ಹಿಡಿದು ಚಿಪ್ಪಿಗೆ ತಾಗದ ಹಾಗೆ ಮಾಡಿತ್ತು. ಹಳೆ ಪ್ಯಾಡಿನಲ್ಲಿ ಚಿಪ್ಪಿನಡಿ ಸಿಕ್ಕದ ಅಂಚನ್ನು ಅಳೆದೆ, 1.5 ಮಿ.ಮೀ. ಇತ್ತು. ಒತ್ತಿ ಚಪ್ಪಟೆಯಾದ ಜಾಗ ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ, ಹುಷಾರು. ಮೆತ್ತಗಿನ 1.5 ಮಿ.ಮೀ. ಪ್ಯಾಡ್ ತಂದು ಹಾಕಿದೆ. ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಈ ಸಲ ಒಮ್ಮೆ ಕೂರಿಸಿ, ಮತ್ತೆ ಬಿಚ್ಚಿ, ಗುರುತು ಪೂರ್ತಿ ಚೌಕವಾಗಿ ಬಿದ್ದಿದೆ ಅಂತ ನೋಡಿದ ಮೇಲೆಯೇ ಹೊಸ ಪೇಸ್ಟ್ ಹಾಕಿ ಕೊನೆಯ ಸಲ ಮುಚ್ಚಿದ್ದು.

ಇನ್ನು ಫ್ಯಾನ್ ಕಟ್ಟುವ ಕೆಲಸ. ಫ್ಯಾನನ್ನು ಹೀಟ್‌ಸಿಂಕಿನ ಮೇಲೆ ನೇರ ಒರಗಿಸಿ ಕಟ್ಟಿದಾಗ ಎರಡು ತೊಂದರೆ ಕಂಡವು. ಫ್ಯಾನಿನ ನಡುಕ ಇಡೀ ಕಾರ್ಡಿಗೆ ಹರಿದು ಕ್ಯಾಬಿನೆಟ್ ಗುನುಗುತ್ತಿತ್ತು. ರೆಕ್ಕೆ ಅಲ್ಯೂಮಿನಿಯಂ ಪದರಕ್ಕೆ ತೀರಾ ಹತ್ತಿರ ಇದ್ದು ಸಣ್ಣ ಸಿಳ್ಳೆಯೂ ಬರುತ್ತಿತ್ತು. ಅಟ್ಟದ ಮೇಲೆ ನನ್ನ ಹೈಸ್ಕೂಲಿನ ಸೈಕಲ್ಲಿನ ಹಳೆ ಟ್ಯೂಬ್ ಇತ್ತು. ಅದನ್ನು ಬೆರಳಗಲದ ಪಟ್ಟಿ ಕತ್ತರಿಸಿ, ಎರಡು ಮಡಿಕೆ ಮಾಡಿ, ಫ್ಯಾನಿನ ನಾಲ್ಕು ಮೂಲೆಯ ಕೆಳಗೆ ಕೊಟ್ಟೆ. ಸುಮಾರು 5 ಮಿ.ಮೀ. ಎತ್ತರ ಸಿಕ್ಕಿತು. ಸಿಳ್ಳೆ ಹೋಯಿತು, ಗುನುಗು ಹೋಯಿತು. ಈ ಎತ್ತರದಿಂದ ಗಾಳಿ ಪಕ್ಕಕ್ಕೆ ಸೋರುತ್ತದೆ, ಅದಕ್ಕೆ ಕಿಟಕಿ ಸಂದಿಗೆ ಅಂಟಿಸುವ ಫೋಮ್ ಟೇಪನ್ನು ಸುತ್ತಲೂ ಹಚ್ಚಿದೆ. ಟೇಪ್ ಹಚ್ಚಿದ್ದಕ್ಕೇ 3 ಡಿಗ್ರಿ ಇಳಿಯಿತು. ನಾಲ್ಕು ಕೇಬಲ್ ಟೈ ಹೀಟ್‌ಸಿಂಕಿನ ಸಂದಿಯಲ್ಲಿ ತೂರಿಸಿ ಬಿಗಿದೆ. ತೀರಾ ಬಿಗಿದರೆ ರಬ್ಬರ್ ಕೊಟ್ಟಿದ್ದು ವ್ಯರ್ಥ, ಅಲ್ವಾ?

ಕಟ್ಟುವ ಮುಂಚೆ ಜಾಗ ಅಳೆಯಿರಿ. ಈ ಫ್ಯಾನ್ 25 ಮಿ.ಮೀ. ದಪ್ಪ. ಕ್ಯಾಬಿನೆಟ್‌ನಲ್ಲಿ ಎರಡು ಸ್ಲಾಟಿನ ಜಾಗ ಹಿಡಿಯುತ್ತಿದ್ದ ಕಾರ್ಡು ಈಗ ಮೂರು ಸ್ಲಾಟ್ ದಾಟುತ್ತದೆ. ಕೆಳಗೆ ಉಸಿರಾಡಲು ಎರಡು ಬೆರಳು ಜಾಗ ಉಳಿಯದಿದ್ದರೆ 15 ಮಿ.ಮೀ. ದಪ್ಪದ ತೆಳು ಫ್ಯಾನ್ ನೋಡಿ.

ಹೊಸ ಫ್ಯಾನಿನ ವೈರನ್ನು ಮದರ್‌ಬೋರ್ಡಿಗೂ ಕೊಡಬಹುದು, ಸಾಫ್ಟ್‌ವೇರ್‌ನಿಂದ ಓಡಿಸಬಹುದು. ನಾನು ಕಾರ್ಡಿಗೇ ಕೊಟ್ಟೆ. ನಾನು ಮಲಗಿರುವಾಗ ಸಾಫ್ಟ್‌ವೇರ್ ನಿಂತುಹೋದರೂ ಕಾರ್ಡು ತನ್ನ ಬಿಸಿ ನೋಡಿಕೊಂಡು ಫ್ಯಾನ್ ತಿರುಗಿಸಬೇಕು, ನನಗೆ ಅದೇ ನೆಮ್ಮದಿ. ಕೊಡುವ ಮುಂಚೆ ಹಳೆ ಫ್ಯಾನ್, ಹೊಸ ಫ್ಯಾನ್ ಎರಡರ ಲೇಬಲ್ ಮೇಲಿನ ಆಂಪಿಯರ್ ಹೋಲಿಸಿದೆ. ಹೊಸದು ಎರಡೂ ಸೇರಿ ಹಳೆಯದಕ್ಕಿಂತ ಕಡಿಮೆ ಎಳೆಯುತ್ತಿತ್ತು. ಹೆಚ್ಚು ಎಳೆಯುವಂತಿದ್ದರೆ ಕಾರ್ಡಿಗೆ ಕೊಡಬೇಡಿ.

ಇಷ್ಟಾದ ಮೇಲೆ ಅಮ್ಮನ ಮಾತಿಗೆ ಬಂದೆ. ಕೂಲಿಂಗ್ ಚೆನ್ನಾಯಿತು ಅಂತ ಡಿಗ್ರಿ ಇಳಿಸಲು ಹೋಗಲಿಲ್ಲ. 55 ಡಿಗ್ರಿಯಲ್ಲಿ ಓಡಿಸಿದರೂ ಈ ಚಿಪ್ಪಿಗೆ ನನ್ನ ಕೆಲಸದಲ್ಲಿ ಹೆಚ್ಚಿನ ಲಾಭ ಇಲ್ಲ. 70ರ ಆಸುಪಾಸು ಇರಲಿ, ಫ್ಯಾನ್ ನಿಧಾನವಾಗಲಿ. ಆಫ್ಟರ್‌ಬರ್ನರ್‌ನ ಕರ್ವ್‌ನಲ್ಲಿ (ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಅಂತ ತೋರಿಸುವ ಗೆರೆ) 50ರಿಂದ 72 ಡಿಗ್ರಿವರೆಗೆ ಹೆಚ್ಚುಕಮ್ಮಿ ಮಟ್ಟಸ ಗೆರೆ ಎಳೆದೆ, 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು). ಅದರಾಚೆಗೆ ಮಾತ್ರ ಏರಿಕೆ. ಹಿಸ್ಟರಿಸಿಸ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು 5 ಡಿಗ್ರಿ ಮಾಡಿದೆ. ಅಂದರೆ ಬಿಸಿ 5 ಡಿಗ್ರಿ ಇಳಿಯುವ ತನಕ ಫ್ಯಾನ್ ವೇಗ ತಗ್ಗಿಸುವುದಿಲ್ಲ. ಫ್ರೇಮ್ ಮುಗಿದು ಮುಂದಿನದು ಶುರುವಾಗುವ ನಡುವೆ ಆಗುತ್ತಿದ್ದ ಆ ಏರಿಳಿತ ಅಲ್ಲಿಗೆ ನಿಂತಿತು. ನನ್ನ ಫ್ಯಾನ್‌ಗಳು 950ರ ಹತ್ತಿರ ಒಂದು ಗುನುಗು ಕೊಡುತ್ತಿದ್ದವು. ಕರ್ವ್ ಅಲ್ಲಿ ನಿಲ್ಲದ ಹಾಗೆ 800ರಿಂದ ನೇರ 1100ಕ್ಕೆ ಜಿಗಿಸಿದೆ.

ಕೊನೆಯದಾಗಿ ಚಿಪ್ಪಿಗೆ ಹೋಗುವ ವೋಲ್ಟೇಜ್ ಇಳಿಸುವುದು, ಅಂದರೆ ಅಂಡರ್‌ವೋಲ್ಟ್. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ಕರ್ವ್ ತೆರೆಯುತ್ತದೆ. 0.9 ವೋಲ್ಟಿಗೆ 1850 ಮೆಗಾಹರ್ಟ್ಸ್ ಚಿಪ್ ವೇಗ ಕೂರಿಸಿದೆ. ಪ್ರತಿ ಕಾರ್ಡಿನದೂ ಬೇರೆ ಬೇರೆ ಇರುತ್ತದೆ, ಒಂದು ರಾತ್ರಿ ಪೂರ್ತಿ ರೆಂಡರ್ ಓಡಿಸಿ ಗಟ್ಟಿ ಮಾಡಿಕೊಳ್ಳಿ. ನನ್ನದು ಸುಮಾರು 115 ವ್ಯಾಟಿಗೆ ಇಳಿಯಿತು. ನೂರು ನಿಮಿಷದ ರೆಂಡರ್ ಈಗ ಮೂರ್ನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತದೆ. ಮಲಗಿರುವವನಿಗೆ ಅದು ಯಾವ ಲೆಕ್ಕ?

ಮೊದಲು 29 ಡಿಗ್ರಿಯ ಕೋಣೆಯಲ್ಲಿ 2,700 ಆರ್‌ಪಿಎಂ, 76 ಡಿಗ್ರಿ. ಈಗ ಅದೇ ಸೀನಿಗೆ 800 ಆರ್‌ಪಿಎಂ, 68 ಡಿಗ್ರಿ. ಒಂದು ಮೀಟರ್ ದೂರದಲ್ಲಿ ಇಟ್ಟ ಫೋನಿನ ಆ್ಯಪ್ 47 ಡೆಸಿಬಲ್ ತೋರಿಸುತ್ತಿದ್ದದ್ದು 34ಕ್ಕೆ ಬಂತು. ಫೋನಿನ ಅಂಕಿ ನಿಖರ ಅಲ್ಲ, ಆದರೆ ಅದೇ ಫೋನು, ಅದೇ ಜಾಗ, ಹಾಗಾಗಿ ವ್ಯತ್ಯಾಸ ನಂಬಬಹುದು. ಫ್ಯಾನಿನ ಗದ್ದಲದಡಿ ಮುಚ್ಚಿಹೋಗಿದ್ದ ಕಾರ್ಡಿನ ತಂತಿ ಸುರುಳಿಗಳ (ಕಾಯಿಲ್) ಸದ್ದು, ಚಿರ್ ಅಂತ ತೆಳುವಾಗಿ, ಈಗ ಹತ್ತಿರ ಹೋದರೆ ಕೇಳುತ್ತದೆ. ಅದಕ್ಕೆ ಫ್ಯಾನಿನಿಂದ ಪರಿಹಾರ ಇಲ್ಲ. ಅಂಡರ್‌ವೋಲ್ಟ್ ಮಾಡಿದ್ದರಿಂದ ತುಸು ಕಮ್ಮಿ ಆಗಿದೆ, ಅಷ್ಟೇ.

ಮೊನ್ನೆ ಹಬ್ಬಕ್ಕೆ ಮನೆ ಧೂಳು ಹೊಡೆಯುವಾಗ ಇದನ್ನೂ ತೆಗೆದೆ. ನಾಲ್ಕು ಟೈ ಕತ್ತರಿಸಿ, ಫ್ಯಾನ್ ಎತ್ತಿ, ಪೇಂಟ್ ಬ್ರಷ್‌ನಿಂದ ಪದರಗಳ ಧೂಳು ಉದುರಿಸಿ, ಹೊಸ ಟೈ ಹಾಕಿದೆ. ಹತ್ತು ನಿಮಿಷದ ಕೆಲಸ. ಹಳೆ ಮುಚ್ಚಳ, ಹಳೆ ಫ್ಯಾನ್, ಅದರ ಸ್ಕ್ರೂ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ, ಮುಂದೆ ಕಾರ್ಡ್ ಮಾರುವಾಗ ಬೇಕಾಗುತ್ತದೆ.