ಸೂರ್ಯ ಸುಮ್ಮನಿದ್ದಾಗ ಮೇಲಿನ ಗಾಳಿಯನ್ನು ಅಳೆದ ನನ್ನ ಅನುಭವ

ಸೂರ್ಯನ ಮೇಲೆ ಕಲೆಗಳೇ ಇಲ್ಲದ ದಿನಗಳು ಶುರುವಾದರೆ ಸಾಕು, ಬಾಹ್ಯಾಕಾಶ ಹವಾಮಾನದ ಹವ್ಯಾಸ ಇರುವ ಬಹಳ ಜನ ಅತ್ತ ತಲೆ ಹಾಕುವುದನ್ನೇ ಬಿಡುತ್ತಾರೆ. ಜ್ವಾಲೆ ಇಲ್ಲ, ಕಾಂತ ಬಿರುಗಾಳಿ ಇಲ್ಲ, ಇನ್ನು ನೋಡೋಕೇನಿದೆ ಅಂತ. ನನಗೆ ಆ ಕಾಲವೇ ಜಾಸ್ತಿ ಇಷ್ಟ. ಗದ್ದಲ ಇಳಿದಾಗ ಸಣ್ಣ ಸಂಗತಿಗಳು ಎದ್ದು ಕಾಣುತ್ತವೆ. ಅದೂ ಅಲ್ಲದೆ, ಸೂರ್ಯ ತಣ್ಣಗಿದ್ದಾಗ ಭೂಮಿಯ ಮೇಲಿನ ವಾತಾವರಣ ಸುಮ್ಮನಿರುವುದಿಲ್ಲ. ಅದು ಕುಗ್ಗುತ್ತದೆ. ಎಷ್ಟು ಕುಗ್ಗಿತು ಅಂತ ಮನೆಯಲ್ಲೇ ಕೂತು, ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡು ನೋಡಬಹುದು. ಸೂರ್ಯನ ಚಟುವಟಿಕೆ ಸುಮಾರು 11 ವರ್ಷದ ಚಕ್ರದಲ್ಲಿ ಏರಿಳಿಯುತ್ತದೆ, ಅದು ತೀರಾ ತಗ್ಗಿದ ಕಾಲವೇ ಸೌರ ಕನಿಷ್ಠ. 2019-20ರ ಸೌರ ಕನಿಷ್ಠದ ಹೊತ್ತಿಗೆ ನಾನು ಮಾಡಿದ್ದು ಇದನ್ನೇ.

ಆ ಕನಿಷ್ಠ ತಳ ಮುಟ್ಟಿದ್ದು 2019ರ ಡಿಸೆಂಬರ್‌ನಲ್ಲಿ. ಆ ವರ್ಷ 270ಕ್ಕೂ ಹೆಚ್ಚು ದಿನ ಸೂರ್ಯನ ಮುಖದ ಮೇಲೆ ಒಂದು ಕಲೆಯೂ ಇರಲಿಲ್ಲ. ಆದರೆ ಕಲೆ ಎಣಿಸುವುದರಿಂದ ಇಲ್ಲಿ ಹೆಚ್ಚು ಉಪಯೋಗವಿಲ್ಲ. ಸೊನ್ನೆಗಿಂತ ಕೆಳಗೆ ಎಣಿಸೋಕಾಗಲ್ಲ ಅಲ್ವಾ. ಅದಕ್ಕೇ ನಾನು ಹಿಡಿದುಕೊಂಡಿದ್ದು ಎಫ್10.7 ಅನ್ನೋ ಅಂಕಿಯನ್ನು. ಸೂರ್ಯನಿಂದ ಬರುವ 10.7 ಸೆಂ.ಮೀ. ತರಂಗದ ರೇಡಿಯೋ ಸದ್ದನ್ನು ಕೆನಡಾದವರು 1947ರಿಂದ ದಿನವೂ ಅಳೆಯುತ್ತಾ ಬಂದಿದ್ದಾರೆ, ಈಗ ಅಳೆಯುವುದು ಪೆಂಟಿಕ್ಟನ್‌ನಲ್ಲಿ. ಸೂರ್ಯ ಭರದಲ್ಲಿದ್ದಾಗ ಇದು 200 ದಾಟುತ್ತದೆ. ಪೂರ್ತಿ ತಣ್ಣಗಾದಾಗ 70ರ ಕೆಳಗೆ ಬಂದು ನಿಲ್ಲುತ್ತದೆ. ಕಲೆಗಳ ಎಣಿಕೆ ಸೊನ್ನೆಯಲ್ಲೇ ಬಿದ್ದಿರುವಾಗಲೂ ಈ ಅಂಕಿ ಒಂದೆರಡು ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಈ ಅಂಕಿ ಎರಡು ರೂಪದಲ್ಲಿ ಸಿಗುತ್ತದೆ. ಒಂದು ಅಳೆದದ್ದು ಅಳೆದಂತೆ. ಇನ್ನೊಂದು ಭೂಮಿ-ಸೂರ್ಯರ ಸರಾಸರಿ ದೂರಕ್ಕೆ ಸರಿಹೊಂದಿಸಿದ್ದು. ಜನವರಿಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ, ಜುಲೈನಲ್ಲಿ ದೂರ. ಹೀಗಾಗಿ ಸೂರ್ಯ ಏನೂ ಬದಲಾಗದಿದ್ದರೂ ಅಳೆದ ಅಂಕಿ ವರ್ಷದಲ್ಲಿ ಸುಮಾರು 7 ಶೇಕಡಾದಷ್ಟು ಮೇಲೆ ಕೆಳಗೆ ಆಗುತ್ತದೆ. ಸೂರ್ಯನ ನಡತೆ ನೋಡುವಾಗ ನಾನು ಸರಿಹೊಂದಿಸಿದ್ದನ್ನು ತೆಗೆದುಕೊಳ್ಳುತ್ತೇನೆ, ನಮ್ಮ ಗಾಳಿಯ ಪಾಡು ನೋಡುವಾಗ ಅಳೆದದ್ದನ್ನು, ಯಾಕೆಂದರೆ ಗಾಳಿಗೆ ತಗಲುವುದು ನಿಜಕ್ಕೂ ಇಲ್ಲಿಗೆ ಬಂದು ಮುಟ್ಟಿದ ಶಕ್ತಿಯೇ ಹೊರತು ಲೆಕ್ಕದಲ್ಲಿ ತಿದ್ದಿದ್ದಲ್ಲ. ಸೂರ್ಯ ಜೋರಾಗಿರುವ ವರ್ಷಗಳಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲ್ಲ. ಕನಿಷ್ಠದಲ್ಲಿ ಮಾತ್ರ ಎದ್ದು ಕಾಣುತ್ತದೆ.

ಇನ್ನು ಗಾಳಿಯನ್ನು ಅಳೆಯುವುದು ಹೇಗೆ? ನಾನು ಆರಿಸಿಕೊಂಡಿದ್ದು ಹಬಲ್ ದೂರದರ್ಶಕವನ್ನು. ಅದು ತೆಗೆಯುವ ಚಿತ್ರಗಳು ಈ ಕೆಲಸಕ್ಕೆ ಬೇಡ, ಬೇಕಾಗಿದ್ದು ಅದರ ಕಕ್ಷೆ ಮಾತ್ರ. ಹಬಲ್‌ಗೆ ತನ್ನದೇ ಎಂಜಿನ್ ಇಲ್ಲ. 2009ರ ಮೇ ತಿಂಗಳಲ್ಲಿ ಕೊನೆಯ ಬಾರಿ ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಿ ಬಂದ ಮೇಲೆ ಅದನ್ನು ಯಾರೂ ಮೇಲಕ್ಕೆ ತಳ್ಳಿಲ್ಲ. ಹಾಗಾಗಿ ಅದು ಇಳಿದರೆ ಗಾಳಿಯ ತಡೆಯಿಂದಲೇ ಇಳಿಯಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಇಟ್ಟುಕೊಂಡು ಈ ಲೆಕ್ಕ ಮಾಡೋಕೆ ಹೋಗಬೇಡಿ, ಅದನ್ನು ಆಗಾಗ ಮೇಲಕ್ಕೆ ಎತ್ತುತ್ತಲೇ ಇರುತ್ತಾರೆ.

ಪ್ರತಿ ಉಪಗ್ರಹದ ಕಕ್ಷೆಯೂ ಎರಡು ಸಾಲುಗಳಲ್ಲಿ ಸಿಗುತ್ತದೆ, ಸಾಲಿಗೆ 69 ಅಕ್ಷರ. ಟಿಎಲ್‌ಇ ಅಂತಾರೆ. ಸೆಲೆಸ್‌ಟ್ರ್ಯಾಕ್ ತಾಣದಲ್ಲಿ ಹಬಲ್‌ನ ಕ್ರಮಸಂಖ್ಯೆ 20580 ಕೊಟ್ಟರೆ ಹೊಸ ಸಾಲುಗಳು ಬರುತ್ತವೆ. ಹಳೆಯವು ಬೇಕಿದ್ದರೆ ಸ್ಪೇಸ್-ಟ್ರ್ಯಾಕ್‌ನಲ್ಲಿ ಖಾತೆ ತೆರೆಯಬೇಕು. ಎರಡನೇ ಸಾಲಿನ ಕೊನೆಯ ಕಡೆ ದಿನಕ್ಕೆ ಎಷ್ಟು ಸುತ್ತು ಅನ್ನೋ ಅಂಕಿ ಇರುತ್ತದೆ. 2019ರಲ್ಲಿ ಹಬಲ್‌ನದು 15.09ರ ಆಸುಪಾಸು. ಅಂದರೆ ನೆಲದಿಂದ ಸುಮಾರು 540 ಕಿ.ಮೀ. ಎತ್ತರ. ಗಾಳಿ ತಡೆದಂತೆಲ್ಲಾ ಉಪಗ್ರಹ ಕೆಳಗಿಳಿಯುತ್ತದೆ, ಕೆಳಗಿಳಿದಂತೆಲ್ಲಾ ವೇಗ ಹೆಚ್ಚುತ್ತದೆ, ದಿನಕ್ಕೆ ಹಾಕುವ ಸುತ್ತೂ ಜಾಸ್ತಿಯಾಗುತ್ತದೆ. ತಡೆದರೆ ವೇಗ ಹೆಚ್ಚುವುದು ಮೊದಮೊದಲು ವಿಚಿತ್ರ ಅನಿಸುತ್ತದೆ, ಆದರೆ ಕಕ್ಷೆಯ ಲೆಕ್ಕ ಇರುವುದೇ ಹಾಗೆ. ಈ ಎತ್ತರದಲ್ಲಿ ಆ ಅಂಕಿ 0.01 ಏರಿದರೆ ಉಪಗ್ರಹ ಸುಮಾರು 3 ಕಿ.ಮೀ. ಇಳಿದಿದೆ ಅಂತ ಅರ್ಥ. ಇಷ್ಟು ಗೊತ್ತಿದ್ದರೆ ಸಾಕು, ದೊಡ್ಡ ಗಣಿತ ಏನೂ ಬೇಡ.

ಮೊದಲ ಸಾಲಿನಲ್ಲಿ ಇನ್ನೂ ಎರಡು ಅಂಕಿ ನಮ್ಮನ್ನು ಸೆಳೆಯುತ್ತವೆ. ಸುತ್ತಿನ ಸಂಖ್ಯೆ ಏರುವ ದರ ಒಂದು, ಬಿ-ಸ್ಟಾರ್ ಅನ್ನೋ ತಡೆಯ ಅಂಕಿ ಇನ್ನೊಂದು. ಏರುವ ದರವನ್ನು ಬಳಸುವುದಾದರೆ ನೆನಪಿಡಿ, ಅಲ್ಲಿ ಬರೆದಿರುವುದು ನಿಜವಾದ ದರದ ಅರ್ಧ. ಬಿ-ಸ್ಟಾರ್ ಅನ್ನು ನಾನು ಹೆಚ್ಚು ನಂಬುವುದಿಲ್ಲ. ಕಕ್ಷೆಗೆ ಲೆಕ್ಕ ಹೊಂದಿಸುವಾಗ ಬೇರೆ ಸಣ್ಣಪುಟ್ಟ ತಪ್ಪುಗಳೂ ಅದರೊಳಗೆ ಸೇರಿಕೊಳ್ಳುತ್ತವೆ, ಹೀಗಾಗಿ ಅದು ಸುಮ್ನೆ ಕುಣಿಯುತ್ತಿರುತ್ತದೆ. ಹತ್ತು ಹದಿನೈದು ದಿನ ಅಂತರದ ಎರಡು ಸಾಲು ತೆಗೆದುಕೊಂಡು ದಿನದ ಸುತ್ತುಗಳ ವ್ಯತ್ಯಾಸ ತೆಗೆಯುವುದೇ ಒಳ್ಳೆಯದು. ಡೌನ್‌ಲೋಡ್ ಮಾಡಿದ ದಿನ ಯಾವುದೇ ಇರಲಿ, ಸಾಲಿನೊಳಗೇ ಬರೆದಿರುವ ದಿನವನ್ನೇ ಹಿಡಿಯಿರಿ.

ಹೀಗೆ 2009ರಿಂದ ಮುಂದಕ್ಕೆ ಹಬಲ್‌ನ ಎತ್ತರವನ್ನು ಗೆರೆಯಾಗಿ ಎಳೆದೆ. ಗೆರೆಯ ಆಕಾರ ನೋಡಿದರೆ ಸಾಕು, ಸೂರ್ಯ ಏನು ಮಾಡುತ್ತಿದ್ದ ಅಂತ ಹೇಳಬಹುದು. ಶುರುವಿನಲ್ಲಿ ಬಹುತೇಕ ಮಟ್ಟಸ. ಕಳೆದ ಚಕ್ರದ ಶಿಖರ ಬಂದದ್ದು 2014ರಲ್ಲಿ, ಅದರ ಆಚೀಚೆ ಗೆರೆ ಚೆನ್ನಾಗಿ ಇಳಿಮುಖ. 2018ರಿಂದ 2020ರವರೆಗೆ ಮತ್ತೆ ಮಟ್ಟಸ. ಆಮೇಲೆ ಈಗಿನ ಚಕ್ರ ಏರಿದಂತೆ ಜಾರುಬಂಡೆ. ಕನಿಷ್ಠದ ಆ ಎರಡು ವರ್ಷಗಳ ಭಾಗವನ್ನು ದೊಡ್ಡದು ಮಾಡಿ ನೋಡಿದರೆ, ದೂರದರ್ಶಕ ಒಂದೇ ಕಡೆ ನೇತುಹಾಕಿದಂತೆ ಕಾಣುತ್ತದೆ.

ಯಾಕೆ ಹೀಗೆ? ಸೂರ್ಯನ ಒಟ್ಟು ಬೆಳಕು ಚಕ್ರದುದ್ದಕ್ಕೂ ಬದಲಾಗುವುದು ಬರೀ 0.1 ಶೇಕಡಾದಷ್ಟು. ಕೆಳಗಿರುವ ನಮಗೆ ಅದು ಲೆಕ್ಕಕ್ಕೇ ಬರಲ್ಲ. ಆದರೆ ಕಣ್ಣಿಗೆ ಕಾಣದ ತೀವ್ರ ಅತಿನೇರಳೆ ಕಿರಣಗಳು ಹಲವು ಪಟ್ಟು ಏರಿಳಿಯುತ್ತವೆ. ಆ ಕಿರಣಗಳು ಕೆಳಗೆ ಬರುವುದೇ ಇಲ್ಲ, 100 ಕಿ.ಮೀ.ಗಿಂತ ಮೇಲಿನ ಥರ್ಮೋಸ್ಫಿಯರ್ ಪದರವೇ ಅವನ್ನು ನುಂಗಿಬಿಡುತ್ತದೆ. ಸೂರ್ಯ ಜೋರಾಗಿದ್ದಾಗ ಅಲ್ಲಿನ ಉಷ್ಣತೆ 1200 ಕೆಲ್ವಿನ್ ದಾಟಿದರೆ, ಕನಿಷ್ಠದಲ್ಲಿ ಸುಮಾರು 700ಕ್ಕೆ ಇಳಿಯುತ್ತದೆ. ತಣ್ಣಗಾದ ಗಾಳಿ ಕೆಳಕ್ಕೆ ಕುಸಿಯುತ್ತದೆ. 400 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ಹತ್ತು ಪಟ್ಟಿನಷ್ಟು ವ್ಯತ್ಯಾಸವಾಗಬಲ್ಲದು.

ಅದಕ್ಕೂ ಹಿಂದಿನ ಕನಿಷ್ಠ, 2008-09ರದು, ಇನ್ನೂ ಸ್ವಾರಸ್ಯ. ಆಗ 400 ಕಿ.ಮೀ. ಎತ್ತರದ ಸಾಂದ್ರತೆ ಅದರ ಹಿಂದಿನ ಕನಿಷ್ಠಕ್ಕಿಂತ 28 ಶೇಕಡಾದಷ್ಟು ಕಡಿಮೆ ಇತ್ತು. ಇದನ್ನು ಲೆಕ್ಕ ಹಾಕಿದವರು ಬಳಸಿದ್ದೂ ಸಾವಿರಾರು ಉಪಗ್ರಹ ಮತ್ತು ತುಣುಕುಗಳ ಕಕ್ಷೆಯನ್ನೇ, ನಾನು ಹಬಲ್ ಒಂದರಿಂದ ಮಾಡಿದ್ದರ ದೊಡ್ಡ ರೂಪ. ಇಂಗಾಲದ ಡೈಆಕ್ಸೈಡ್ ಕೂಡ ಇಲ್ಲಿ ಪಾಲುದಾರ. ಕೆಳಗೆ ಶಾಖ ಹಿಡಿದಿಡುವ ಅದೇ ಅನಿಲ, ಮೇಲಿನ ತೆಳು ಗಾಳಿಯಲ್ಲಿ ಶಾಖವನ್ನು ಅವಕೆಂಪು ಕಿರಣವಾಗಿ ಹೊರಗೆ ಚೆಲ್ಲಿ ತಂಪು ಮಾಡುತ್ತದೆ. ಆದರೆ 28 ಶೇಕಡಾ ಪೂರ್ತಿ ಅದರಿಂದಲೇ ಆಯಿತು ಅಂತ ಹೇಳೋಕಾಗಲ್ಲ, ಹೆಚ್ಚಿನ ಪಾಲು ಸೂರ್ಯನದೇ. ಸಿ/ನಾಫ್ಸ್ ಅನ್ನೋ ಉಪಗ್ರಹ ಅದೇ ಕಾಲಕ್ಕೆ ಅಯಾನುಗೋಳದ, ಅಂದರೆ ಮೇಲಿನ ಗಾಳಿಯ ವಿದ್ಯುದಾವೇಶದ ಪದರದ, ಮೇಲಂಚನ್ನು ಅಳೆಯಿತು. ರಾತ್ರಿ ಸುಮಾರು 640 ಕಿ.ಮೀ. ಇರಬೇಕಾಗಿದ್ದ ಅಂಚು ಬರೀ 420 ಕಿ.ಮೀ.ಗೆ ಇಳಿದಿತ್ತು.

ಈಗ ಕಾಂತ ಬಿರುಗಾಳಿಗಳ ವಿಷಯ. ಕಲೆಗಳಿಲ್ಲ ಅಂದಮಾತ್ರಕ್ಕೆ ಭೂಮಿಯ ಕಾಂತಕ್ಷೇತ್ರ ಅಲುಗಾಡುವುದೇ ಇಲ್ಲ ಅಂತಲ್ಲ. ಸೂರ್ಯನ ಕರೋನಾದಲ್ಲಿ, ಅಂದರೆ ಅದರ ಹೊರಗಿನ ವಾತಾವರಣದಲ್ಲಿ, ರಂಧ್ರಗಳಿರುತ್ತವೆ, ಅಲ್ಲಿಂದ ಸೌರಮಾರುತ ಅನ್ನೋ ಕಣಗಳ ಹರಿವು ಜೋರಾಗಿ ಬೀಸುತ್ತದೆ. ನಮ್ಮ ಕಡೆಯಿಂದ ನೋಡಿದರೆ ಸೂರ್ಯ ಸುಮಾರು 27 ದಿನಕ್ಕೊಂದು ಸುತ್ತು ತಿರುಗುವುದರಿಂದ ಅದೇ ರಂಧ್ರ ಮತ್ತೆ ಮತ್ತೆ ನಮ್ಮೆದುರು ಬರುತ್ತದೆ. ಇದನ್ನು ಕಣ್ಣಾರೆ ನೋಡುವ ಸುಲಭ ದಾರಿ ಇದೆ. ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗಾಡಿತು ಅಂತ ಹೇಳುವ ಕೆಪಿ ಸೂಚ್ಯಂಕ ತೆಗೆದುಕೊಳ್ಳಿ, ಅದನ್ನು ಕೊಡುವುದು ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಜಿಎಫ್‌ಝಡ್ ಸಂಸ್ಥೆ. ಅದು 0ಯಿಂದ 9ರವರೆಗೆ ಇರುತ್ತದೆ, ಮೂರು ಗಂಟೆಗೊಂದು. ದಿನಕ್ಕೊಂದು ಮನೆಯಂತೆ ಅದರ ಗರಿಷ್ಠ ಬರೆಯುತ್ತಾ 27 ದಿನಕ್ಕೆ ಒಂದು ಸಾಲು ಮುಗಿಸಿ, ಮುಂದಿನ ಸಾಲು ಅದರ ಕೆಳಗೆ. 4 ಮತ್ತು ಅದಕ್ಕಿಂತ ಹೆಚ್ಚಿನ ಮನೆಗಳಿಗೆ ಬಣ್ಣ ಹಚ್ಚಿ. ಸೂರ್ಯ ಭರದಲ್ಲಿರುವ ವರ್ಷದ ಹಾಳೆ ಬಣ್ಣ ಚೆಲ್ಲಾಪಿಲ್ಲಿಯಾದಂತೆ ಇರುತ್ತದೆ. ಕನಿಷ್ಠದ ಕಡೆ ಇಳಿಯುತ್ತಿರುವ ವರ್ಷದ ಹಾಳೆಯಲ್ಲಿ ಬಣ್ಣ ಮೇಲಿಂದ ಕೆಳಕ್ಕೆ ಪಟ್ಟಿಯಾಗಿ ನಿಲ್ಲುತ್ತದೆ, ಪಟ್ಟಿ ಸ್ವಲ್ಪ ಸ್ವಲ್ಪವೇ ಓರೆಯಾಗಿ ಸರಿಯುತ್ತದೆ, ಕೆಲವು ತಿಂಗಳಾದ ಮೇಲೆ ರಂಧ್ರ ಮುಚ್ಚಿಕೊಂಡಾಗ ಮಾಸಿಹೋಗುತ್ತದೆ. ಈ ಸಾಲು ಜೋಡಿಸುವ ಉಪಾಯ ನನ್ನದಲ್ಲ, ಕೆಪಿಯನ್ನು ಹುಟ್ಟುಹಾಕಿದ ಬಾರ್ಟೆಲ್ಸ್ ಅವರದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಡಿದ್ದು, ಇವತ್ತಿಗೂ ಇದಕ್ಕಿಂತ ಚೆನ್ನಾದ ಚಿತ್ರ ನಾನು ನೋಡಿಲ್ಲ.

ಹಬಲ್‌ಗಿಂತ ತಗ್ಗಿನಲ್ಲಿ, 400 ಕಿ.ಮೀ. ಸುತ್ತಮುತ್ತ ತಿರುಗುವ ಯಾವುದಾದರೂ ಸತ್ತ ರಾಕೆಟ್ ಭಾಗದ ಇಳಿತವನ್ನು ಇದೇ ಹಾಳೆಯ ಪಕ್ಕ ಇಟ್ಟು ನೋಡಿ. ಪಟ್ಟಿ ಬಂದ ದಿನಗಳಲ್ಲಿ ಇಳಿತವೂ ಒಂಚೂರು ಹೆಚ್ಚುತ್ತದೆ. ಅತಿನೇರಳೆ ಬದಲಾಗಿಲ್ಲ, ಎಫ್10.7 ಅಲುಗಾಡಿಲ್ಲ, ಆದರೂ ಸೌರಮಾರುತದ ದೆಸೆಯಿಂದ ಧ್ರುವಗಳ ಕಡೆ ಹುಟ್ಟಿದ ಶಾಖಕ್ಕೆ ಗಾಳಿ ಉಬ್ಬಿದೆ. 2008ರ ಸುಮಾರಿಗೆ ಇಂಥ ರಂಧ್ರಗಳು ಸೂರ್ಯನ ಸುತ್ತ ಸಮನಾಗಿ ಹಂಚಿಕೊಂಡಿದ್ದರಿಂದ ಗಾಳಿಯ ಸಾಂದ್ರತೆ 9 ದಿನಕ್ಕೊಮ್ಮೆ ಏರಿಳಿದದ್ದೂ ಉಂಟು. 2009ರಲ್ಲಿ ಅದೂ ನಿಂತಂತಾಯಿತು.

ನನ್ನ ಹತ್ತಿರ ಒಂದು ಶಾರ್ಟ್‌ವೇವ್ ರಿಸೀವರ್ ಇದೆ, ಅದರಲ್ಲೂ ಕನಿಷ್ಠ ಕೇಳಿಸುತ್ತದೆ. ಹವ್ಯಾಸಿ ರೇಡಿಯೋದವರು ಜಗತ್ತಿನ 18 ಕಡೆ ಬೀಕನ್, ಅಂದರೆ ಗೊತ್ತಾದ ಸಂಕೇತವನ್ನು ಮತ್ತೆ ಮತ್ತೆ ಕಳಿಸುವ ಪ್ರಸಾರಕ, ನಡೆಸುತ್ತಾರೆ. 14.100ರಿಂದ 28.200 ಮೆಗಾಹರ್ಟ್ಸ್‌ವರೆಗೆ ಐದು ಕಂಪನಾಂಕ, ಪ್ರತಿಯೊಂದಕ್ಕೂ 10 ಸೆಕೆಂಡ್ ಸರದಿ, ಮೂರು ನಿಮಿಷಕ್ಕೆ ಒಂದು ಸುತ್ತು. ಮೊದಲು ಹೆಸರು, ಆಮೇಲೆ ನಾಲ್ಕು ಉದ್ದನೆ ಸದ್ದು: 100 ವ್ಯಾಟ್, 10, 1, ಕೊನೆಗೆ 0.1. ಎಷ್ಟನೇ ಸದ್ದಿನವರೆಗೆ ಕೇಳಿಸಿತು ಅಂತ ಬರೆದಿಟ್ಟರೆ ಆಯಿತು. ಕನಿಷ್ಠದಲ್ಲಿ 28.200ರಲ್ಲಿ ದಿನಗಟ್ಟಲೆ ಬರೀ ಶೂನ್ಯದ ಸೊಯ್ ಅನ್ನೋ ಸದ್ದು. ಅಯಾನುಗೋಳ ತೆಳುವಾಗಿ ಅಷ್ಟು ಎತ್ತರದ ಕಂಪನಾಂಕವನ್ನು ಬಗ್ಗಿಸಲಾರದು. 14.100ರಲ್ಲಿ ಹಗಲು ಪರವಾಗಿಲ್ಲ, ಕತ್ತಲಾದ ಮೇಲೆ ಬೇಗ ಬಾಗಿಲು ಹಾಕುತ್ತದೆ. ಅದೇ 3.5 ಮತ್ತು 1.8 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್‌ಗಳು ಕನಿಷ್ಠದಲ್ಲೇ ಚೆನ್ನ, ಅಯಾನುಗೋಳದ ಕೆಳಭಾಗದಲ್ಲಿ ರೇಡಿಯೋ ಸದ್ದು ಹೀರುವ ಡಿ ಪದರ ದುರ್ಬಲ, ಕಾಂತ ಗಲಾಟೆಯೂ ಕಡಿಮೆ. ಆದ್ದರಿಂದ ಕನಿಷ್ಠ ಅಂದರೆ ರೇಡಿಯೋ ಸತ್ತಿತು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಕಾಸ್ಮಿಕ್ ಕಿರಣಗಳದು ಉಲ್ಟಾ ಕಥೆ. ಸೂರ್ಯನ ಕಾಂತಕ್ಷೇತ್ರ ಬಲ ಕಳೆದುಕೊಂಡಾಗ ನಕ್ಷತ್ರಲೋಕದಿಂದ ಬರುವ ಕಣಗಳಿಗೆ ತಡೆ ಕಡಿಮೆ. ಈ ಕಿರಣಗಳ ಏರಿಳಿತ ಅಳೆಯುವ ಫಿನ್ಲೆಂಡಿನ ಔಲು ನ್ಯೂಟ್ರಾನ್ ಮಾನಿಟರ್‌ನ ಹಲವು ದಶಕಗಳ ಗೆರೆ ಎಲ್ಲರಿಗೂ ತೆರೆದಿದೆ, ಕಲೆಗಳ ಗೆರೆಯ ಮೇಲಿಟ್ಟರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಶಾಂತ ಸೂರ್ಯ ಅಂಥ ಸ್ನೇಹಿತನೇನಲ್ಲ.

ಉಪಗ್ರಹ ನಡೆಸುವವರಿಗೂ ಅಷ್ಟೆ. ತಡೆ ಕಡಿಮೆಯಾದರೆ ಇಂಧನ ಉಳಿಯುತ್ತದೆ ನಿಜ, ಆದರೆ ಒಡೆದ ಚೂರುಗಳೂ ಬಿದ್ದುಹೋಗದೆ ಮೇಲೆಯೇ ತಿರುಗುತ್ತವೆ. ಜೊತೆಗೆ, ಶಾಂತ ಕಾಲದಲ್ಲಿ ದೊಡ್ಡದು ಬರುವುದೇ ಇಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. 1986ರ ಸೆಪ್ಟೆಂಬರ್ ಕನಿಷ್ಠದ ತಿಂಗಳು, ಅದೇ ವರ್ಷ ಫೆಬ್ರವರಿಯಲ್ಲಿ ಭಾರೀ ಕಾಂತ ಬಿರುಗಾಳಿ ಬಂದಿತ್ತು. ಸಣ್ಣ ಬಿರುಗಾಳಿಯೂ ಸಾಕಾಗುತ್ತದೆ: 2022ರ ಫೆಬ್ರವರಿ 3ರಂದು ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಮೊದಲು ಬಿಟ್ಟಿದ್ದು ಸುಮಾರು 210 ಕಿ.ಮೀ. ಎತ್ತರದಲ್ಲಿ, ಸಾಧಾರಣ ಬಿರುಗಾಳಿಗೇ ಗಾಳಿಯ ತಡೆ 50 ಶೇಕಡಾದವರೆಗೆ ಏರಿ ಹೆಚ್ಚಿನವು ವಾಪಸ್ ಬಿದ್ದು ಉರಿದುಹೋದವು.

ಮುಂದಿನ ಕನಿಷ್ಠ 2030ರ ಸುಮಾರಿಗೆ ಬರಬೇಕು. ನೀವೂ ಮಾಡುವುದಾದರೆ ಆಗ ಶುರು ಮಾಡಬೇಡಿ, ಇಳಿಯುವ ಈ ವರ್ಷಗಳಲ್ಲೇ ಹಾಳೆ ತೆರೆಯಿರಿ. ಮಟ್ಟಸವಾದ ಗೆರೆಯನ್ನು ಮಾತ್ರ ನೋಡಿದರೆ ಅದರಲ್ಲಿ ಏನೂ ತಿಳಿಯಲ್ಲ, ಇಳಿಜಾರು ಮೊದಲು ಇರಬೇಕು. ವಾರಕ್ಕೊಂದು ಟಿಎಲ್‌ಇ, ದಿನಕ್ಕೊಂದು ಎಫ್10.7, 27 ಮನೆಯ ಕೆಪಿ ಸಾಲು, ಇಷ್ಟಕ್ಕೆ ಹೆಚ್ಚು ಹೊತ್ತು ಹಿಡಿಯಲ್ಲ. ಹಬಲ್ ಜೊತೆಗೆ ಇನ್ನೊಂದು ವಸ್ತುವನ್ನೂ ಇಟ್ಟುಕೊಳ್ಳಿ, ಆದಷ್ಟು ಗುಂಡಗಿರುವುದು. ಗೋಳ ಹೇಗೆ ತಿರುಗಿದರೂ ಗಾಳಿಗೆ ಒಡ್ಡುವ ಮೈ ಅಷ್ಟೇ ಇರುತ್ತದೆ. ಹಬಲ್ ಹಾಗಲ್ಲ, ಅದು ನಕ್ಷತ್ರ ನೋಡೋಕೆ ದಿಕ್ಕು ಬದಲಿಸುತ್ತಲೇ ಇರುತ್ತದೆ.