ಒಂದೇ ಕೋಡ್, ಎಲ್ಲ ಕಂಪೈಲರ್‌ನಲ್ಲೂ ಒಂದೇ ಉತ್ತರ: ಪ್ರಿಂಟ್‌ಎಫ್ ಬಳಸುವುದು ಹೇಗೆ?

ದಾವಣಗೆರೆ ಎಪಿಎಂಸಿಗೆ ಬಂದ ಮೆಕ್ಕೆಜೋಳದ ಲೆಕ್ಕ ಹಾಕುವ ಪುಟ್ಟ ಸಿ ಪ್ರೋಗ್ರಾಂ ಬರೆದಿದ್ದೀರಿ ಅಂದುಕೊಳ್ಳಿ. 40 ಕ್ವಿಂಟಲ್, ಕ್ವಿಂಟಲ್‌ಗೆ 2,200 ರೂಪಾಯಿ. ಒಟ್ಟು 88,000. ಈ ಮೊತ್ತವನ್ನು ಲಾಂಗ್ ವೇರಿಯಬಲ್‌ನಲ್ಲಿಟ್ಟು, ಪರದೆಗೆ ಮುದ್ರಿಸುವ ಪ್ರಿಂಟ್‌ಎಫ್ ಫಂಕ್ಷನ್‌ನಲ್ಲಿ ಸುಮ್ನೆ %ಡಿ ಎಂದು ಬರೆದರೆ ಮನೆಯ ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಸಾಮಾನ್ಯವಾಗಿ 88000 ಎಂದೇ ತೋರಿಸುತ್ತದೆ. ಲ್ಯಾಬಿನಲ್ಲಿ ಹಳೆಯ ಟರ್ಬೊ ಸಿ ಕಂಪೈಲರ್ ಇದ್ದರೆ ಬರುವುದು 22464. ರೈತರಿಗೆ 65,536 ರೂಪಾಯಿ ಖೋತಾ!

%ಡಿ ಎಂಬುದು ಇಂಟ್‌ನ ಗುರುತು. ಟರ್ಬೊ ಸಿಯಲ್ಲಿ ಇಂಟ್ ಅಂದರೆ 16 ಬಿಟ್. ಹಾಗಾಗಿ %ಡಿ ಕಂಡ ಪ್ರಿಂಟ್‌ಎಫ್ ಎರಡೇ ಬೈಟ್ ಓದುತ್ತದೆ. ಲಾಂಗ್‌ನ ಉಳಿದೆರಡು ಬೈಟ್ ಲೆಕ್ಕಕ್ಕೇ ಬರುವುದಿಲ್ಲ.

ಮೊದಲ ಕೆಲಸ, ವೇರಿಯಬಲ್‌ಗೆ ತಕ್ಕ ಗುರುತು ಹಾಕಿ. ಲಾಂಗ್‌ಗೆ %ಎಲ್‌ಡಿ. ಜಿಸಿಸಿಯಲ್ಲಿ ‘-ವಾಲ್’ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ಇಂಥ ತಪ್ಪನ್ನು ಅದೇ ತೋರಿಸಿಕೊಡುತ್ತದೆ. ಆ ಎಚ್ಚರಿಕೆಗಳನ್ನು ದಯವಿಟ್ಟು ಓದಿ.

ಆಮೇಲೆ ದೊಡ್ಡ ಸಂಖ್ಯೆಗಳ ಕಡೆ ಬನ್ನಿ. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 8 ಬೈಟ್, ವಿಂಡೋಸ್‌ನಲ್ಲಿ 4 ಬೈಟ್. ಅದನ್ನು ನಂಬಬೇಡಿ, ಲಾಂಗ್ ಲಾಂಗ್ ಬಳಸಿ. ಇದರ ಗುರುತು %ಎಲ್‌ಎಲ್‌ಡಿ, ಸಿ99ರಿಂದ ಇದೆ. ಆದರೆ ಪ್ರಿಂಟ್‌ಎಫ್ ಇರುವುದು ಲೈಬ್ರರಿಯಲ್ಲಿ, ಕಂಪೈಲರ್‌ನಲ್ಲಿ ಅಲ್ಲ. ವಿಂಡೋಸ್‌ನ ಮಿನ್‌ಜಿಡಬ್ಲ್ಯೂ ಜಿಸಿಸಿಯೇ ಆದರೂ ಬಹಳ ಕಾಲ ಮೈಕ್ರೋಸಾಫ್ಟ್‌ನ ಹಳೆಯ ಲೈಬ್ರರಿಯನ್ನೇ ನೆಚ್ಚಿಕೊಂಡಿತ್ತು. ಅಲ್ಲಿ %ಐ64ಡಿ ಬೇಕಿತ್ತು. ಎರಡೂ ಕಡೆ ಓಡಬೇಕಾದರೆ ಎಲ್ಲೆಡೆ 64 ಬಿಟ್ ಇರುವ ಇಂಟ್64_ಟಿ ಬಳಸಿ, ಇಂಟ್‌ಟೈಪ್ಸ್ ಹೆಡರ್‌ನಲ್ಲಿರುವ ಪಿಆರ್‌ಐಡಿ64 ಮ್ಯಾಕ್ರೊ ಹಾಕಿ. ನೋಡಲು ಚೆಂದವಿಲ್ಲ, ಕೈ ಕೊಡುವುದಿಲ್ಲ.

ಪರದೆಯ ಬದಲು ಅರೇಗೆ ಬರೆಯುವಾಗ ಸ್ಪ್ರಿಂಟ್‌ಎಫ್ ಬಿಟ್ಟು, ಕೊಟ್ಟ ಅಳತೆ ಮೀರಿ ಬರೆಯದ ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ. ವಿಶುವಲ್ ಸ್ಟುಡಿಯೋದಲ್ಲಿ ಅದು ಸರಿಯಾಗಿ ಸಿಕ್ಕಿದ್ದು 2015ರ ಆವೃತ್ತಿಯಿಂದ.

ಉತ್ತರ ಸರಿಯಾಯಿತು, ಇನ್ನು ವೇಗ. ಪ್ರಿಂಟ್‌ಎಫ್ ಪ್ರತಿ ಸಲವೂ ಫಾರ್ಮ್ಯಾಟ್ ಸಾಲನ್ನು ಅಕ್ಷರ ಅಕ್ಷರವಾಗಿ ಓದುತ್ತದೆ, ನಿಜ. ಆದರೆ ಜಾಸ್ತಿ ಹೊತ್ತು ಹಿಡಿಯುವುದು ಸಾಮಾನ್ಯವಾಗಿ ಪರದೆಗೆ ಬರೆಯುವುದು. ಲಿನಕ್ಸ್ ಟರ್ಮಿನಲ್‌ನಲ್ಲಿ ಸಾಲು ಮುಗಿದಾಗಲೆಲ್ಲ ಬಫರ್ (ಬರೆಯುವ ಮುನ್ನ ಪಠ್ಯ ಸೇರುವ ತಾತ್ಕಾಲಿಕ ಜಾಗ) ಖಾಲಿಯಾಗುತ್ತದೆ. ಫೈಲಿಗೆ ಕಳಿಸಿದರೆ ಬಫರ್ ತುಂಬಿದ ಮೇಲಷ್ಟೇ ಬರೆಯುತ್ತದೆ. ಒಂದು ಲಕ್ಷ ಸಾಲು ಮುದ್ರಿಸಿ ಎರಡೂ ರೀತಿ ಅಳೆದು ನೋಡಿ, ವ್ಯತ್ಯಾಸ ನಿಮಗೇ ಕಾಣುತ್ತದೆ. ಲೂಪ್ ಒಳಗೆ, ಬಫರ್ ಖಾಲಿ ಮಾಡಿಸುವ ಎಫ್‌ಫ್ಲಶ್ ಇದ್ದರೆ ತೆಗೆಯಿರಿ. ಮೇನ್ ಶುರುವಾಗುತ್ತಲೇ, ಏನನ್ನೂ ಮುದ್ರಿಸುವ ಮೊದಲು, ಸೆಟ್‌ವಿಬಫ್ ಕರೆದು 64 ಕೆಬಿ ಬಫರ್ ಕೊಡಿ. ಬರೀ ಪಠ್ಯವಾದರೆ ಪುಟ್ಸ್ ಸಾಕು.

ಒಂದು ಎಚ್ಚರ: ಪ್ರೋಗ್ರಾಂ ನಡುವೆ ಕ್ರ್ಯಾಶ್ ಆದರೆ ಬಫರ್‌ನಲ್ಲಿ ಉಳಿದದ್ದು ಕಳೆದುಹೋಗುತ್ತದೆ. ದೋಷದ ಸಂದೇಶಗಳನ್ನು, ಸಾಮಾನ್ಯವಾಗಿ ಬಫರ್‌ನಲ್ಲಿ ಕಾಯಿಸದೆ ಬರೆಯುವ ಎಸ್‌ಟಿಡಿಇಆರ್‌ಆರ್‌ಗೇ ಕಳಿಸಿ.